ಎತ್ತರದ ಸವಾರ ಟೂರಿಂಗ್ ಬೈಕನ್ನು ಮೈಗೆ ಹೊಂದಿಸಿಕೊಳ್ಳುವ ಕ್ರಮ

ನನ್ನ ಎತ್ತರ ಆರು ಅಡಿ ಮೂರು ಇಂಚು, ಅಂದರೆ 190 ಸೆಂಟಿಮೀಟರಿಗೆ ತುಸು ಹೆಚ್ಚು. ಟೂರಿಂಗ್ ಬೈಕ್ ಕೊಂಡ ಮೊದಲ ವರ್ಷ, ತುಮಕೂರಿನಿಂದ ಹೊರಟರೆ ಶಿರಾ ಮುಟ್ಟುವಷ್ಟರಲ್ಲಿ ಬಲಗಾಲು ಜೋಮು ಹಿಡಿಯುತ್ತಿತ್ತು. ಹಿರಿಯೂರಿನಲ್ಲಿ ಇಳಿದರೆ ಸೊಂಟ ನೆಟ್ಟಗಾಗಲು ಐದು ನಿಮಿಷ ಬೇಕಾಗುತ್ತಿತ್ತು. ನೋವು ಎಲ್ಲಿ ಕಾಣಿಸಿಕೊಂಡಿತೋ ಅಲ್ಲಿಗೆ ಮದ್ದು ಎಂಬಂತೆ ನಾನು ಮೊದಲು ದೊಡ್ಡ ವಿಂಡ್‌ಶೀಲ್ಡ್, ಅಂದರೆ ಮುಂದಿನ ಗಾಳಿ ತಡೆಯುವ ಗಾಜು ಹಾಕಿಸಿದೆ, ಆಮೇಲೆ ಹ್ಯಾಂಡಲನ್ನು ಎತ್ತರಿಸುವ ರೈಸರ್ ಕೂರಿಸಿದೆ, ಎಲ್ಲಕ್ಕಿಂತ ಕೊನೆಗೆ ಸೀಟು ಎತ್ತರಿಸಿದೆ. ಸೀಟು ಮೂರು ಸೆಂಟಿಮೀಟರ್ ಏರಿದ ದಿನವೇ ಹ್ಯಾಂಡಲ್ ಮತ್ತೆ ತಗ್ಗೆನಿಸಿತು, ಅಷ್ಟು ಹಣ ಕೊಟ್ಟ ವಿಂಡ್‌ಶೀಲ್ಡಿನ ಮೇಲಂಚಿನ ಗಾಳಿ ನೇರವಾಗಿ ಹೆಲ್ಮೆಟ್ಟಿಗೆ ಬಡಿಯತೊಡಗಿತು. ಮಾಡಿದ ಎರಡು ಕೆಲಸಗಳನ್ನೂ ಮೊದಲಿನಿಂದ ಮಾಡಬೇಕಾಯಿತು. ಆದ್ದರಿಂದ ಈ ಬರಹದಲ್ಲಿ ಯಾವ ಆಕ್ಸೆಸರಿ ಒಳ್ಳೆಯದು ಎಂಬುದಕ್ಕಿಂತ, ಯಾವುದನ್ನು ಮೊದಲು ಮತ್ತು ಯಾವುದನ್ನು ಆಮೇಲೆ ಜೋಡಿಸಬೇಕು ಎಂಬುದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಸೀಟು, ಕಾಲು, ಕೈ, ಗಾಳಿ, ಹೊರೆ ಎಂಬ ಈ ಸಾಲನ್ನು ಮುರಿದರೆ ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು ತೆರಬೇಕಾಗುತ್ತದೆ.

ಅಂಗಡಿಗೆ ಹೋಗುವ ಮೊದಲು ಅಳತೆ

ಒಂದೇ ಎತ್ತರದ ಇಬ್ಬರು ಸವಾರರಿಗೆ ಒಂದೇ ಹೊಂದಾಣಿಕೆ ಒಪ್ಪುವುದಿಲ್ಲ. ನನಗೆ ಕಾಲು ಉದ್ದ. ಮಧುಗಿರಿಯಲ್ಲಿರುವ ನನ್ನ ಸ್ನೇಹಿತನಿಗೆ ನನ್ನಷ್ಟೇ ಎತ್ತರವಿದ್ದರೂ ಮುಂಡ ಉದ್ದ. ಕಾಲು ಉದ್ದವಿದ್ದವನ ತೊಂದರೆ ಸೀಟು ಮತ್ತು ಫುಟ್‌ರೆಸ್ಟಿನ ನಡುವೆ ಇರುತ್ತದೆ, ಮುಂಡ ಉದ್ದವಿದ್ದವನದು ಹ್ಯಾಂಡಲ್ ಮತ್ತು ಗಾಳಿಯಲ್ಲಿರುತ್ತದೆ. ನೀವು ಯಾವ ಬಗೆಯವರು ಎಂದು ತಿಳಿಯಲು ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ರಟ್ಟಿನ ಹೊದಿಕೆಯ ಪುಸ್ತಕವೊಂದನ್ನು ತೊಡೆಗಳ ನಡುವೆ ಸೈಕಲ್ ಸೀಟಿನಂತೆ ಮೇಲಕ್ಕೆ ಒತ್ತಿ ಹಿಡಿದು, ನೆಲದಿಂದ ಪುಸ್ತಕದ ಮೇಲಂಚಿನವರೆಗೆ ಟೇಪಿನಲ್ಲಿ ಅಳೆಯಿರಿ. ನನಗೆ ಅದು 91 ಸೆಂಟಿಮೀಟರ್, ಸ್ನೇಹಿತನಿಗೆ 84. ಆನಂತರ ಗಟ್ಟಿ ಸ್ಟೂಲಿನ ಮೇಲೆ ನೆಟ್ಟಗೆ ಕುಳಿತು ಸ್ಟೂಲಿನಿಂದ ನೆತ್ತಿಯವರೆಗಿನ ಎತ್ತರವನ್ನೂ ಬರೆದಿಟ್ಟುಕೊಳ್ಳಿ.

ಎರಡನೆಯ ಅಳತೆ ಬೈಕಿನ ಮೇಲೆ ಕುಳಿತಾಗಿನದು. ಸಮತಟ್ಟಾದ ಜಾಗದಲ್ಲಿ ಒಬ್ಬರು ಮುಂದಿನ ಚಕ್ರವನ್ನು ಕಾಲುಗಳ ನಡುವೆ ಭದ್ರವಾಗಿ ಹಿಡಿದು ಬೈಕನ್ನು ನೇರವಾಗಿ ನಿಲ್ಲಿಸಿಕೊಳ್ಳಲಿ. ನೀವು ಪ್ರಯಾಣಕ್ಕೆ ಹಾಕುವ ಶೂ, ಜಾಕೆಟ್, ಹೆಲ್ಮೆಟ್ ಎಲ್ಲವನ್ನೂ ಧರಿಸಿ ಎರಡೂ ಕಾಲು ಮೇಲಿಟ್ಟು ಎಂದಿನಂತೆ ಕುಳಿತುಕೊಳ್ಳಿ. ಇನ್ನೊಬ್ಬರು ಮೂರು ಮೀಟರ್ ದೂರದಿಂದ, ಮೊಬೈಲನ್ನು ನಿಮ್ಮ ಮೊಣಕಾಲಿನ ಮಟ್ಟದಲ್ಲಿ ಹಿಡಿದು ಪಕ್ಕದಿಂದ ಫೋಟೊ ತೆಗೆಯಲಿ. ನಾನು ನನ್ನ ಹೆಂಡತಿಯ ಬಿಂದಿ ಸ್ಟಿಕ್ಕರುಗಳನ್ನು ಸೊಂಟದ ಕೀಲು, ಮೊಣಕಾಲು ಮತ್ತು ಹಿಮ್ಮಡಿ ಗಂಟಿನ ಮೇಲೆ ಅಂಟಿಸಿಕೊಂಡಿದ್ದೆ. ಫೋಟೊವನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಮೂರು ಚುಕ್ಕೆಗಳನ್ನು ಸ್ಕೇಲಿನಿಂದ ಸೇರಿಸಿ, ಮಗಳ ಜಾಮಿಟ್ರಿ ಬಾಕ್ಸಿನ ಕೋನಮಾಪಕವಿಟ್ಟು ನೋಡಿದಾಗ ಮೊಣಕಾಲಿನ ಕೋನ 74 ಡಿಗ್ರಿ ಬಂತು. ನನ್ನ ಅನುಭವದಲ್ಲಿ 80ಕ್ಕಿಂತ ಕಡಿಮೆ ಇದ್ದರೆ ಗಂಟೆಯೊಳಗೆ ನೋವು ಖಚಿತ. 85 ದಾಟಿದರೆ ದಿನವಿಡೀ ಕೂರಬಹುದು. 90 ಸಿಕ್ಕರೆ ಇನ್ನೇನೂ ಬೇಡ. ಈ ಫೋಟೊವನ್ನು ಜೋಪಾನವಾಗಿಡಿ, ಏಕೆಂದರೆ ಪ್ರತಿ ಬದಲಾವಣೆಯ ನಂತರವೂ ಅದೇ ಜಾಗದಲ್ಲಿ ಇನ್ನೊಂದು ತೆಗೆದು ಹೋಲಿಸಬೇಕಾಗುತ್ತದೆ.

ಇನ್ನೂ ಬೈಕ್ ಕೊಳ್ಳದವರಿಗೆ ಒಂದು ಮಾತು. ಕಂಪನಿಯವರು ಕೊಡುವ ಸೀಟಿನ ಎತ್ತರ ನೆಲದಿಂದ ಅಳೆದದ್ದು. ರಾಯಲ್ ಎನ್‌ಫೀಲ್ಡಿನ ಮೀಟಿಯರ್ 350ಯದು 765 ಮಿ.ಮೀ., ಕ್ಲಾಸಿಕ್ 350ಯದು 805, ಸುಜುಕಿಯ ವಿ-ಸ್ಟ್ರಾಮ್ ಎಸ್‌ಎಕ್ಸ್‌ನದು 835, ಹಿಮಾಲಯನ್ 450ಯದು 825ರಿಂದ 845ರವರೆಗೆ ಬದಲಿಸಿಕೊಳ್ಳುವಂಥದ್ದು. ನಮ್ಮಂಥವರಿಗೆ ಕಾಲು ನೆಲಕ್ಕೆ ಎಟಕುವುದು ಎಂದೂ ಸಮಸ್ಯೆಯಲ್ಲ. ನಮಗೆ ಬೇಕಾದದ್ದು ಸೀಟಿನಿಂದ ಫುಟ್‌ರೆಸ್ಟಿಗೆ ಇರುವ ಅಂತರ, ಮತ್ತು ಅದನ್ನು ಯಾವ ಪಟ್ಟಿಯಲ್ಲೂ ಅಚ್ಚು ಹಾಕಿರುವುದಿಲ್ಲ. ಟೇಪ್ ತೆಗೆದುಕೊಂಡು ಶೋರೂಮಿಗೆ ಹೋಗಿ ನೀವೇ ಅಳೆಯಬೇಕು. ಇದಕ್ಕೆ ಸಂಕೋಚಪಡಬೇಡಿ.

ಸೀಟು

ಎಲ್ಲರೂ ಸೀಟನ್ನು ಎತ್ತರಿಸುವ ಯೋಚನೆಯಿಂದಲೇ ಶುರು ಮಾಡುತ್ತಾರೆ. ಅದಕ್ಕಿಂತ ಮೊದಲು ಸೀಟಿನ ಇಳಿಜಾರು ಮತ್ತು ಹಿಂದಿನ ಮೆಟ್ಟಿಲನ್ನು ನೋಡಿ. ಬಹಳಷ್ಟು ಸೀಟುಗಳು ಟ್ಯಾಂಕಿನ ಕಡೆಗೆ ಇಳಿಜಾರಾಗಿರುವುದರಿಂದ ಪ್ರತಿ ಬ್ರೇಕಿಗೂ ಸವಾರ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಜಾರುತ್ತಾನೆ, ಕುಳ್ಳಗಿನವನಿಗೆ ಅದು ಹ್ಯಾಂಡಲನ್ನು ಹತ್ತಿರ ತಂದರೆ ಉದ್ದ ಕಾಲಿನವನಿಗೆ ಮೊಣಕಾಲನ್ನು ಇನ್ನಷ್ಟು ಮಡಿಸುತ್ತದೆ. ಹಿಂದೆ ಸರಿಯೋಣವೆಂದರೆ ಹಿಂಬದಿ ಸವಾರರ ಸೀಟಿನ ಮೆಟ್ಟಿಲು ಬೆನ್ನಿಗೆ ತಡೆಯುತ್ತದೆ. ಇಳಿಜಾರನ್ನು ಸಮ ಮಾಡಿಸಿ, ಆ ಮೆಟ್ಟಿಲನ್ನು ನಾಲ್ಕು ಸೆಂಟಿಮೀಟರ್ ಹಿಂದಕ್ಕೆ ಸರಿಸಿದರೆ, ಸೀಟು ಒಂದು ಮಿಲಿಮೀಟರೂ ಏರದೆ ಅರ್ಧ ಕಷ್ಟ ಕಳೆಯುತ್ತದೆ. ಎತ್ತರಿಸುವುದು ಆಮೇಲಿನ ಮಾತು.

ಎಷ್ಟು ಎತ್ತರಿಸಬೇಕೆಂಬುದನ್ನು ಸೀಟು ಬಿಚ್ಚುವ ಮೊದಲೇ ಪರೀಕ್ಷಿಸಬಹುದು. ಮನೆಯಲ್ಲಿರುವ ಹಳೆಯ ಯೋಗಾ ಮ್ಯಾಟನ್ನು ಸೀಟಿನ ಆಕಾರಕ್ಕೆ ಕತ್ತರಿಸಿ, ಆರು ಮಿಲಿಮೀಟರಿನ ಮ್ಯಾಟಾದರೆ ಮೂರು ಪದರ, ಆಮೇಲೆ ಐದು ಪದರ ಎಂದು ಹಾಕಿ, ಅಗಲವಾದ ಟೇಪಿನಿಂದ ಸೀಟಿಗೆ ಬಿಗಿದು ಓಡಿಸಿ. ನನ್ನ ಕಾಲುಗಳಿಗೆ ಮೂರು ಸೆಂಟಿಮೀಟರ್ ಎತ್ತರ ಮೊಣಕಾಲಿನ ಕೋನವನ್ನು ನಾಲ್ಕು ಡಿಗ್ರಿಯ ಆಸುಪಾಸು ತೆರೆಯಿತು. ಹಿಂದಕ್ಕೆ ಸರಿದದ್ದರಿಂದ ಇನ್ನಷ್ಟು ಸಿಕ್ಕಿತು. ನಾಲ್ಕು ಸೆಂಟಿಮೀಟರಿಗಿಂತ ಹೆಚ್ಚು ಎತ್ತರಿಸಲು ನಾನು ಯಾರಿಗೂ ಹೇಳುವುದಿಲ್ಲ. ಮೈಭಾರ ಮೇಲೇರಿದಷ್ಟೂ ನಿಧಾನದ ತಿರುವಿನಲ್ಲಿ ಬೈಕ್ ವಾಲುವುದು ಬೇಗ ಎನಿಸುತ್ತದೆ, ಹಿಂದೆ ಕೂತವರಿಗೂ ಇಕ್ಕಟ್ಟಾಗುತ್ತದೆ.

ಒಳಗಿನ ಫೋಮಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಮೆತ್ತಗಿರುವುದು ಸುಖ ಎಂಬುದು ಅಂಗಡಿಯಲ್ಲಿ ಕೂತಾಗ ಮಾತ್ರ ನಿಜ. ಉದ್ದನೆಯ ದೇಹಕ್ಕೆ ಸಾಮಾನ್ಯವಾಗಿ ತೂಕವೂ ಹೆಚ್ಚು. ಮೆತ್ತನೆಯ ಫೋಮ್ ಅರ್ಧ ಗಂಟೆಯಲ್ಲಿ ಕುಸಿದು, ಕೂರುವ ಎಲುಬುಗಳು ಕೆಳಗಿನ ಪ್ಲಾಸ್ಟಿಕ್ ತಳವನ್ನು ಮುಟ್ಟುತ್ತವೆ, ಅಲ್ಲಿಗೆ ನೀವು ಕೊಟ್ಟ ಎತ್ತರವೂ ಮಾಯವಾಗುತ್ತದೆ. ಕೆಳಗೆ ಗಟ್ಟಿಯಾದ ರೀಬಾಂಡೆಡ್ ಫೋಮ್, ಅಂದರೆ ಬಣ್ಣಬಣ್ಣದ ಚೂರುಗಳನ್ನು ಒತ್ತಿ ಅಂಟಿಸಿ ಮಾಡಿದ್ದು, ಅದರ ಮೇಲೆ 15ರಿಂದ 20 ಮಿಲಿಮೀಟರಿನ ಮೆತ್ತನೆಯ ಪದರ, ಇದು ಸರಿಯಾದ ಜೋಡಣೆ. ತುಮಕೂರಿನಲ್ಲಿ ನನ್ನ ಸೀಟು ಮಾಡಿಕೊಟ್ಟ ಮೇಸ್ತ್ರಿ ಅಳತೆ ತೆಗೆಯಲು ಟೇಪನ್ನೇ ಬಳಸಲಿಲ್ಲ. ರೆಕ್ಸಿನ್ ಕಿತ್ತ ಸೀಟಿನ ಮೇಲೆ ನನ್ನನ್ನು ಹತ್ತು ನಿಮಿಷ ಕೂರಿಸಿ, ಎಬ್ಬಿಸಿ, ಹಳೆಯ ಫೋಮಿನಲ್ಲಿ ಉಳಿದ ಎರಡು ಕುಳಿಗಳೊಳಗೆ ಹೆಬ್ಬೆರಳು ಒತ್ತಿ ನೋಡಿ, ಅವುಗಳ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದರು. ಗರಗಸದ ಬ್ಲೇಡಿನಿಂದ ಅಷ್ಟನ್ನು ಕೊರೆದು ತೆಗೆದು, ಹೊಸ ತುಂಡು ಅಂಟಿಸಿ, ಗ್ರೈಂಡರಿಗೆ ಉಜ್ಜುವ ಚಕ್ರ ಹಾಕಿ ಅಂಚುಗಳನ್ನು ಸವೆಸಿದರು. ಅದೇ ದಿನ ರೆಕ್ಸಿನ್ ಹೊದಿಸಿಕೊಡಿ ಎಂದು ನಾನು ಕೇಳಿದಾಗ, "ಸರ್, ಫೋಮ್ ಇವತ್ತು ಇದ್ದಂಗೆ ನಾಳೆ ಇರಲ್ಲ. ಒಂದು ವಾರ ಹಿಂಗೇ ಓಡ್ಸಿ ಬನ್ನಿ, ಕೂತ್ಕೊಂಡಿದ್ದು ನೋಡಿ ಹೊಡ್ಕೊಡ್ತೀನಿ" ಎಂದರು. ಹಳೆಯ ಬೆಡ್‌ಶೀಟ್ ಸುತ್ತಿ ಒಂದು ವಾರ ಓಡಿಸಿದೆ. ವಾರದ ನಂತರ ಎಡಭಾಗದಲ್ಲಿ ಮತ್ತೆ ಅರ್ಧ ಸೆಂಟಿಮೀಟರ್ ತುಂಬಬೇಕಾಯಿತು. ಸೀಟು ಮಾಡುವವರು ಈ ಒಂದು ವಾರವನ್ನು ತಾವಾಗಿ ಹೇಳದಿದ್ದರೆ ನೀವೇ ಕೇಳಿ ಪಡೆಯಿರಿ.

ರೆಕ್ಸಿನ್ನಿನ ಹೊಲಿಗೆ ಕೂರುವ ಜಾಗದ ನಡುವೆ ಬರಕೂಡದು, ಅದು ಚುಚ್ಚುವುದಲ್ಲದೆ ಮಳೆ ನೀರನ್ನು ಒಳಗೆ ಬಿಡುತ್ತದೆ. ಹೊದಿಕೆಯ ಕೆಳಗೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹಾಕಿಸಿ. ಕಂಪನಿಯ ಮೂಲ ಸೀಟನ್ನು ಕತ್ತರಿಸುವ ಬದಲು, ಸಾಧ್ಯವಾದರೆ ಇನ್ನೊಂದು ಹಳೆಯ ಸೀಟು ಹುಡುಕಿ ಅದರ ಮೇಲೆ ಈ ಕೆಲಸ ಮಾಡಿಸುವುದು ಉಚಿತ. ಮುಂದೆ ಬೈಕ್ ಮಾರುವಾಗ ಮೂಲ ಸೀಟು ಬೇಕಾಗುತ್ತದೆ.

ಕಾಲು ಮತ್ತು ಪಾದ

ಸೀಟು ಮುಗಿದ ಮೇಲೆ ಫೋಟೊ ತೆಗೆದು ನೋಡಿದಾಗ ಕೋನ ಸಾಕೆನಿಸಿದರೆ ಫುಟ್‌ರೆಸ್ಟನ್ನು ಮುಟ್ಟಬೇಡಿ. ಅದನ್ನು 20ರಿಂದ 25 ಮಿಲಿಮೀಟರ್ ತಗ್ಗಿಸುವ ಬ್ರ್ಯಾಕೆಟ್ಟುಗಳು ಸಿಗುತ್ತವೆ, ಆದರೆ ತಗ್ಗಿಸಿದಷ್ಟೂ ತಿರುವಿನಲ್ಲಿ ಅದು ನೆಲಕ್ಕೆ ಬೇಗ ತಾಗುತ್ತದೆ, ಕಲ್ಲುದಾರಿಯಲ್ಲಿ ಕಲ್ಲಿಗೂ ಬಡಿಯುತ್ತದೆ. ದೇವರಾಯನದುರ್ಗದ ಘಟ್ಟದ ಹಿಮ್ಮುರಿ ತಿರುವುಗಳಲ್ಲಿ ಇದರ ಅರಿವಾಗುತ್ತದೆ. ಸೀಟಿನಿಂದ ಸಿಗದ ಜಾಗವನ್ನಷ್ಟೇ ಇಲ್ಲಿಂದ ಪಡೆಯಬೇಕು.

ಸೀಟು ಅಥವಾ ಫುಟ್‌ರೆಸ್ಟ್ ಬದಲಾದರೆ ಪಾದದ ಕೋನವೂ ಬದಲಾಗುತ್ತದೆ, ಆದರೆ ಗೇರ್ ಮತ್ತು ಬ್ರೇಕ್ ಪೆಡಲ್ ಹಳೆಯ ಜಾಗದಲ್ಲೇ ಉಳಿದಿರುತ್ತವೆ. ಇದನ್ನು ಯಾರೂ ಗಮನಿಸುವುದಿಲ್ಲ, ಹಿಮ್ಮಡಿ ಗಂಟು ನೋಯಲು ಇದೇ ಕಾರಣ. ಗೇರ್ ಪೆಡಲ್ ನೇರವಾಗಿ ಹಲ್ಲಿನ ಶಾಫ್ಟಿಗೆ ಸಿಕ್ಕಿಸಿದ್ದರೆ ಅದರ ಬೋಲ್ಟನ್ನು ಸಡಿಲಿಸಿದರೆ ಸಾಲದು, ಪೂರ್ತಿ ಹೊರಗೆ ತೆಗೆಯಬೇಕು. ಬಹಳಷ್ಟು ಬೈಕುಗಳಲ್ಲಿ ಆ ಬೋಲ್ಟು ಶಾಫ್ಟಿನ ಕಚ್ಚಿನಲ್ಲಿ ಹಾದುಹೋಗುವುದರಿಂದ ಬಲವಂತವಾಗಿ ಎಳೆದರೆ ಹಲ್ಲು ಕೆಡುತ್ತದೆ. ಒಂದು ಹಲ್ಲು ಮಾತ್ರ ಸರಿಸಿ, ಓಡಿಸಿ ನೋಡಿ. ಕೊಂಡಿ ಕಡ್ಡಿಯ ಮೂಲಕ ಸೇರಿಸಿದ್ದರೆ ಕಡ್ಡಿಯ ಎರಡೂ ತುದಿಯ ಲಾಕ್ ನಟ್ ಸಡಿಲಿಸಿ ತಿರುಗಿಸಿದರಾಯಿತು. ನನ್ನ ಶೂ 12ನೇ ಸೈಜು. ಪೆಡಲಿನ ತುದಿಗೂ ಫುಟ್‌ರೆಸ್ಟಿಗೂ ನಡುವೆ ಶೂ ನುಸುಳುವುದೇ ಕಷ್ಟವಾಗಿತ್ತು. ಲೇಥ್ ಕೆಲಸದವರಲ್ಲಿ ಪೆಡಲಿನ ತುದಿಯನ್ನು ಎರಡು ಸೆಂಟಿಮೀಟರ್ ಮುಂದಕ್ಕೆ ಮಾಡಿಸಿದ ಮೇಲೆ ಗೇರ್ ತಪ್ಪುವುದು ನಿಂತಿತು. ಬ್ರೇಕ್ ಪೆಡಲ್ ತಗ್ಗಿಸಿದವರು ಎರಡು ವಿಷಯ ಪರೀಕ್ಷಿಸಲೇಬೇಕು: ಪೆಡಲ್ ಒತ್ತದಿದ್ದಾಗ ಹಿಂಚಕ್ರ ಬಿಡುವಾಗಿ ತಿರುಗುತ್ತದೆಯೇ, ಮತ್ತು ಒತ್ತಿದ ಕೂಡಲೇ ಬ್ರೇಕ್ ಲೈಟು ಹತ್ತುತ್ತದೆಯೇ.

ಬೈಕ್ ಬಿದ್ದಾಗ ಪೆಟ್ಟು ತಡೆಯುವ ಕಬ್ಬಿಣದ ಕಂಬಿ, ಅಂದರೆ ಕ್ರ್ಯಾಷ್ ಗಾರ್ಡನ್ನು ಚಿತ್ರ ನೋಡಿ ತರಿಸಬೇಡಿ. ಸರಾಸರಿ ಎತ್ತರದವರ ಮೊಣಕಾಲು ಗಾರ್ಡಿನ ಹಿಂದೆ ನಿಂತರೆ ನಮ್ಮದು ಅದರ ಮೇಲೇ ಬರುತ್ತದೆ. ಇದು ಎಷ್ಟು ಸಾಮಾನ್ಯ ತೊಂದರೆಯೆಂದರೆ, ರಾಯಲ್ ಎನ್‌ಫೀಲ್ಡ್‌ನವರು 2021ರ ಹಿಮಾಲಯನ್ನಿನಲ್ಲಿ ಟ್ಯಾಂಕಿನ ಇಕ್ಕೆಲದ ಕಂಬಿಗಳನ್ನು ಉದ್ದ ಕಾಲಿನವರ ಮೊಣಕಾಲಿಗೆ ತಾಗದಂತೆ ಚಿಕ್ಕದಾಗಿಸಿದರು. ಗಾರ್ಡ್ ಕೂರಿಸಿದ ಮೇಲೆ ಶೂ ಸಹಿತ ಕುಳಿತು, ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಒಮ್ಮೆ ನೆಲಕ್ಕೆ ಕಾಲಿಟ್ಟು ಬೈಕನ್ನು ಹಿಂದಕ್ಕೆ ತಳ್ಳಿ, ಕಣಕಾಲಿಗೆ ಎಲ್ಲೂ ಕಬ್ಬಿಣ ತಾಗುವುದಿಲ್ಲವೆಂದು ಖಾತ್ರಿ ಮಾಡಿಕೊಂಡೇ ಹಣ ಕೊಡಿ. ಗಾರ್ಡಿನ ಮೇಲೆ ಕಾಲು ಚಾಚಲು ಸಣ್ಣ ಪೆಗ್ಗುಗಳನ್ನೂ ಮಾರುತ್ತಾರೆ. ಅವು ಬೇಡವೆಂಬುದು ನನ್ನ ದೃಢ ಅಭಿಪ್ರಾಯ, ಏಕೆಂದರೆ ಹಸುವೋ ನಾಯಿಯೋ ಅಡ್ಡ ಬಂದಾಗ ಪಾದ ಬ್ರೇಕಿಗೆ ಮರಳುವ ಆ ಅರೆಕ್ಷಣ ನಮ್ಮ ಕೈಯಲ್ಲಿರುವುದಿಲ್ಲ.

ಹ್ಯಾಂಡಲ್

ಸೀಟು ಏರಿದ ಮೇಲೆ ಕೈಗಳು ಕೆಳಗೆ ಚಾಚಿ, ಭಾರ ಅಂಗೈಗೆ ಬಿದ್ದು, ಉಂಗುರ ಬೆರಳು ಕಿರುಬೆರಳು ಮರಗಟ್ಟುತ್ತಿದ್ದರೆ ರೈಸರ್ ಬೇಕೆಂದು ಅರ್ಥ. ಮೊದಲು ಹ್ಯಾಂಡಲ್ ಕೊಳವೆ ಕ್ಲ್ಯಾಂಪಿನಲ್ಲಿ ಎಷ್ಟು ದಪ್ಪವಿದೆ ಎಂದು ಅಳೆಯಿರಿ, 22 ಮಿಲಿಮೀಟರಿನದಕ್ಕೆ ಮಾಡಿದ ರೈಸರ್ 28ರದಕ್ಕೆ ಕೂರುವುದಿಲ್ಲ. ಮುಂಚಕ್ರವನ್ನು ಹಿಡಿದಿರುವ ಫೋರ್ಕ್ ಹಿಂದಕ್ಕೆ ವಾಲಿರುವ ಕಾರಣ ಅದೇ ಓರೆಯಲ್ಲಿ ಎತ್ತರಿಸಿದ ಹ್ಯಾಂಡಲ್ ಏರಿದಂತೆಲ್ಲ ಸವಾರನ ಕಡೆಗೂ ಬರುತ್ತದೆ. ತೋಳು ಉದ್ದವಿದ್ದವರಿಗೆ ಅದು ಎದೆಯ ಹತ್ತಿರ ಬಂದಂತಾಗುವುದರಿಂದ, ಮುಂದಕ್ಕೆ ತುಸು ಸರಿಸಿ ಕೂರಿಸುವ ರೈಸರ್ ಸಿಕ್ಕರೆ ಅದನ್ನೇ ಆರಿಸಿ. ಕಲ್ಲುದಾರಿಯಲ್ಲಿ ನಿಂತು ಓಡಿಸುವವರಿಗೆ ಇದರಿಂದ ದೊಡ್ಡ ಲಾಭವಿದೆ. ಎತ್ತರದವರು ನಿಂತಾಗ ಹ್ಯಾಂಡಲಿಗೆ ಬಗ್ಗಿಯೇ ಬೆನ್ನು ನೋಯಿಸಿಕೊಳ್ಳುತ್ತಾರೆ.

ಇಪ್ಪತ್ತು, ಮೂವತ್ತು ಮಿಲಿಮೀಟರ್ ಎತ್ತರವನ್ನು ಹೆಚ್ಚಿನ ಬೈಕುಗಳ ಕೇಬಲ್ಲುಗಳು ತಾಳಿಕೊಳ್ಳುತ್ತವೆ, ಅದಕ್ಕೆ ಮೇಲೆ ಉದ್ದನೆಯ ಕ್ಲಚ್ ಕೇಬಲ್ಲು, ಬ್ರೇಕ್ ಹೋಸು ಬೇಕಾಗುತ್ತದೆ. ತಾಳುತ್ತದೆಯೇ ಎಂಬುದನ್ನು ಹೀಗೆ ನೋಡಿ: ಬಯಲಿನಲ್ಲಿ ಎಂಜಿನ್ ಶುರು ಮಾಡಿ ನ್ಯೂಟ್ರಲಿನಲ್ಲಿ ಬಿಟ್ಟು, ಆಕ್ಸಿಲರೇಟರ್ ಮುಟ್ಟದೆ ಹ್ಯಾಂಡಲನ್ನು ಎಡತುದಿಯಿಂದ ಬಲತುದಿಗೆ ನಿಧಾನವಾಗಿ ತಿರುಗಿಸಿ. ಎಂಜಿನ್ ಸದ್ದು ಒಂದಿಷ್ಟು ಏರಿದರೂ ಆಕ್ಸಿಲರೇಟರ್ ಕೇಬಲ್ ಎಳೆಯುತ್ತಿದೆ ಎಂದರ್ಥ, ಆ ಬೈಕನ್ನು ರಸ್ತೆಗೆ ತರಕೂಡದು. ಅದೇ ರೀತಿ ಎರಡೂ ತುದಿಯಲ್ಲಿ ಬ್ರೇಕ್ ಹೋಸು ತಂತಿಯಂತೆ ಬಿಗಿಯಾಗುತ್ತದೆಯೇ, ಸ್ವಿಚ್ಚುಗಳ ವೈರು ಫೋರ್ಕಿನ ನಡುವೆ ಸಿಕ್ಕಿಕೊಳ್ಳುತ್ತದೆಯೇ ನೋಡಿ. ಕ್ಲ್ಯಾಂಪಿನ ನಾಲ್ಕು ಬೋಲ್ಟುಗಳನ್ನು ಒಂದನ್ನೇ ಪೂರ್ತಿ ಬಿಗಿಯದೆ, ಅಡ್ಡಡ್ಡ ಕ್ರಮದಲ್ಲಿ ಸ್ವಲ್ಪ ಸ್ವಲ್ಪವಾಗಿ, ಬೈಕಿನ ಕೈಪಿಡಿ ಹೇಳಿದ ಟಾರ್ಕಿಗೆ, ಅಂದರೆ ಬಿಗಿತದ ಅಳತೆಗೆ, ಬಿಗಿಯಬೇಕು. ಕೊನೆಗೆ ಕ್ಲಚ್ ಮತ್ತು ಬ್ರೇಕ್ ಲಿವರುಗಳನ್ನು ಮುಂಗೈಯ ನೇರಕ್ಕೆ ತಿರುಗಿಸಿ. ಕನ್ನಡಿಯಲ್ಲಿ ರಸ್ತೆಯ ಬದಲು ಮೊಣಕೈ ಕಾಣುತ್ತಿದ್ದರೆ ಕನ್ನಡಿಯನ್ನು ಹೊರಕ್ಕೆ ಸರಿಸುವ ಎಕ್ಸ್‌ಟೆಂಡರ್ ಹಾಕಿಸಿ, ಅದು ಸಣ್ಣ ಖರ್ಚು.

ಗಾಳಿ

ಎತ್ತರದ ಸವಾರರನ್ನು ಹೆಚ್ಚು ದಣಿಸುವುದು ಗಾಳಿ, ಹೆಚ್ಚು ಹಣ ವ್ಯರ್ಥವಾಗುವುದೂ ಇಲ್ಲಿಯೇ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಗಂಟೆಗೆ 60 ಕಿಲೋಮೀಟರಿನಿಂದ 80ಕ್ಕೆ ಹೋದರೆ ಎದೆಯ ಮೇಲಿನ ಬಲ ಸುಮಾರು 1.8 ಪಟ್ಟಾಗುತ್ತದೆ. ಆದರೂ ದಣಿಸುವುದು ಈ ನೇರ ಗಾಳಿಯಲ್ಲ. ವಿಂಡ್‌ಶೀಲ್ಡಿನ ಮೇಲಂಚನ್ನು ದಾಟಿದ ಗಾಳಿ ಅಲ್ಲಿ ಒಡೆದು, ಸುರುಳಿ ಸುರುಳಿಯಾಗಿ ಹಿಂದಕ್ಕೆ ಬರುತ್ತದೆ. ಸರಾಸರಿ ಎತ್ತರದವರ ತಲೆ ಆ ಸುರುಳಿಯ ಕೆಳಗೆ ಉಳಿದರೆ ನಮ್ಮ ಹೆಲ್ಮೆಟ್ ಸರಿಯಾಗಿ ಅದರ ನಡುವೆ ನಿಲ್ಲುತ್ತದೆ. ತಲೆ ನಡುಗುವುದು, ಕಿವಿಯಲ್ಲಿ ತಗಡು ಬಡಿದಂಥ ಸದ್ದು, ಸಂಜೆಯ ಕತ್ತು ನೋವು ಎಲ್ಲವೂ ಅದರಿಂದಲೇ. ಐದು ಸೆಂಟಿಮೀಟರ್ ಹೆಚ್ಚು ಎತ್ತರದ ಗಾಜು ಹಾಕಿಸಿದರೆ ಭುಜಕ್ಕೆ ಬಡಿಯುತ್ತಿದ್ದ ಸುರುಳಿ ಗದ್ದಕ್ಕೆ ಬಡಿಯುತ್ತದೆ, ಅಷ್ಟೇ.

ಆದ್ದರಿಂದ ಕೊಳ್ಳುವ ಮೊದಲು ನಿಮ್ಮ ತಲೆ ಸುರುಳಿಯ ಯಾವ ಮಟ್ಟದಲ್ಲಿದೆ ಎಂದು ಪತ್ತೆ ಮಾಡಿ. ವಾಹನ ವಿರಳವಾದ ನೇರ ರಸ್ತೆಯಲ್ಲಿ, ಗಾಳಿ ಕಡಿಮೆಯಿರುವ ಬೆಳಗಿನ ಹೊತ್ತು, ಒಂದೇ ವೇಗದಲ್ಲಿ ಸಾಗುತ್ತಾ ಟ್ಯಾಂಕನ್ನು ಮೊಣಕಾಲಿನಿಂದ ಅಪ್ಪಿಕೊಂಡು ಸೀಟಿನಿಂದ ನಾಲ್ಕು ಬೆರಳಿನಷ್ಟು ಏಳಿ. ಸದ್ದು ಥಟ್ಟನೆ ಹಗುರಾಗಿ ಗಾಳಿ ಸಮನಾಗಿ ತಾಗಿದರೆ, ನಿಮಗೆ ಬೇಕಾದದ್ದು ಇನ್ನೂ ಗಿಡ್ಡ ವಿಂಡ್‌ಶೀಲ್ಡು. ಏಳುವುದರಿಂದ ಏನೂ ಬದಲಾಗದೆ, ಅಷ್ಟೇ ಬಗ್ಗಿದಾಗ ನಿಶ್ಶಬ್ದವಾದರೆ ಮಾತ್ರ ಎತ್ತರದ್ದು ಬೇಕು, ಅದೂ ನೀವು ಎಷ್ಟು ಬಗ್ಗಿದಿರೋ ಅಷ್ಟು ಎತ್ತರ. ಎತ್ತರದ್ದೇ ಬೇಕೆಂದು ಕಂಡುಬಂದರೂ ನೇರವಾಗಿ ಅಂಗಡಿಗೆ ಹೋಗಬೇಡಿ. ಫ್ಲೆಕ್ಸ್ ಬೋರ್ಡಿನವರ ಬಳಿ ಸಿಗುವ ಸನ್‌ಪ್ಯಾಕ್ ಎಂಬ ಹಗುರ ಪ್ಲಾಸ್ಟಿಕ್ ಶೀಟಿನ ತುಂಡನ್ನು ಈಗಿರುವ ಗಾಜಿಗೆ ಗಟ್ಟಿ ಟೇಪಿನಿಂದ ಅಂಟಿಸಿ, 60ರ ವೇಗ ಮೀರದೆ ಓಡಿಸಿ ನೋಡಿ. ನಾನು ನಾಲ್ಕು ಅಳತೆಯ ತುಂಡುಗಳನ್ನು ಪರೀಕ್ಷಿಸಿದೆ. ಕೊನೆಗೆ ನನಗೆ ಒಪ್ಪಿದ್ದು ಎತ್ತರದ ಗಾಜಲ್ಲ: ಗಿಡ್ಡ ಗಾಜು ಎದೆಯನ್ನಷ್ಟೇ ಕಾಯುತ್ತದೆ, ಹೆಲ್ಮೆಟ್ಟಿಗೆ ಒಡೆಯದ ಗಾಳಿ ಸಮನಾಗಿ ತಾಗುತ್ತದೆ. ಬಯಲುಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ಆ ಗಾಳಿ ಬೇಕೇಬೇಕು.

ಮುಂಡ ಉದ್ದವಿರುವ ನನ್ನ ಸ್ನೇಹಿತ ಬೇರೆ ದಾರಿ ಹಿಡಿದ. ಗಾಜಿನ ಮೇಲಂಚಿಗೆ ಕ್ಲಿಪ್ಪಿನಿಂದ ಸಿಕ್ಕಿಸುವ ಸಣ್ಣ ಪಟ್ಟಿ ಬರುತ್ತದೆ. ಅದನ್ನು ಗಾಜಿಗೆ ಒತ್ತಿ ಕೂರಿಸದೆ ಎರಡು ಬೆರಳು ಸಂದು ಬಿಟ್ಟರೆ, ಆ ಸಂದಿನಿಂದ ನುಗ್ಗಿದ ಗಾಳಿ ಹಿಂದಿನ ಪೊಳ್ಳನ್ನು ತುಂಬಿ ಸುರುಳಿಯನ್ನು ಕುಗ್ಗಿಸುತ್ತದೆ. ಗಾಜಿನ ಕೆಳಗಿನ ಸಂದನ್ನು ಮುಚ್ಚದೆ ಇರುವುದೂ ಇದೇ ಕಾರಣಕ್ಕೆ. ಯಾವ ದಾರಿ ಹಿಡಿದರೂ ಗಾಜಿನ ಅಂಚು ದೃಷ್ಟಿರೇಖೆಗಿಂತ ನಾಲ್ಕೈದು ಸೆಂಟಿಮೀಟರ್ ಕೆಳಗಿರಬೇಕು. ಮಳೆಯಲ್ಲಿ, ಎದುರು ವಾಹನದ ಬೆಳಕಿನಲ್ಲಿ, ಗೀರು ಬಿದ್ದ ಪ್ಲಾಸ್ಟಿಕ್ಕಿನ ಮೂಲಕ ರಸ್ತೆ ನೋಡುವುದು ಅಪಾಯ.

ಪರೀಕ್ಷೆಗೆ ಆಷಾಢ ಮಾಸವನ್ನು ಬಿಡಬೇಡಿ. ಶಿರಾ ದಾಟಿ ಹಿರಿಯೂರು, ಚಿತ್ರದುರ್ಗದ ಕಡೆಗೆ ಸಾಗುವಾಗ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿರುವುದು ಸುಮ್ಮನೆ ಅಲ್ಲ. ಆ ದಿನಗಳಲ್ಲಿ ಪಕ್ಕದಿಂದ ಬೀಸುವ ಗಾಳಿಗೆ ಎತ್ತರದ ಗಾಜು ಮತ್ತು ಹಿಂದಿನ ಟಾಪ್ ಬಾಕ್ಸು ಹಾಯಿಯಂತೆ ವರ್ತಿಸುತ್ತವೆ, ಲಾರಿಯ ಮರೆಯಿಂದ ಹೊರಬಂದ ಕ್ಷಣ ಬೈಕ್ ಒಂದು ಮೊಳ ಪಕ್ಕಕ್ಕೆ ಸರಿಯುತ್ತದೆ. ಕೊಕ್ಕಿರುವ ಹೆಲ್ಮೆಟ್ ಹಾಕುವವರು ಕೊಕ್ಕನ್ನು ಬಿಚ್ಚಿ ಓಡಿಸಿ ನೋಡಿ, ಕತ್ತಿನ ಅರ್ಧ ಭಾರ ಅಲ್ಲಿಯೇ ಇಳಿಯುತ್ತದೆ.

ಹೊರೆ, ಸಸ್ಪೆನ್ಷನ್ ಮತ್ತು ಹಿಂದೆ ಕೂತವರು

ಸೀಟು ಎತ್ತರಿಸಿದ ಮೇಲೆ ನನ್ನ ಹೆಂಡತಿಗೆ ಹೊಸ ತೊಂದರೆ ಶುರುವಾಯಿತು. ಮುಂದಿನ ಸೀಟಿಗೂ ಹಿಂದಿನ ಸೀಟಿಗೂ ಇದ್ದ ಮೆಟ್ಟಿಲು ಕಡಿಮೆಯಾಗಿ, ಬ್ರೇಕ್ ಹಾಕಿದಾಗಲೆಲ್ಲ ಆಕೆ ಮುಂದಕ್ಕೆ ಜಾರುತ್ತಿದ್ದಳು. ನನ್ನ ಬೆನ್ನು ಅಗಲವಾದ್ದರಿಂದ ಮುಂದಿನ ಹಂಪು ಆಕೆಗೆ ಕಾಣುವುದೂ ಇಲ್ಲ. ಹಿಂದಿನ ಸೀಟಿನ ಮುಂಭಾಗದಲ್ಲಿ ಎರಡು ಸೆಂಟಿಮೀಟರ್ ಏರು ಕೊಡಿಸಿ, ಹಿಡಿಕೆಯನ್ನು ತೊಡೆಯ ಪಕ್ಕಕ್ಕೆ ಬರುವಂತೆ ಸರಿಸಿದ ಮೇಲೆ ಅದು ಪರಿಹಾರವಾಯಿತು. ಟಾಪ್ ಬಾಕ್ಸನ್ನು ಇಬ್ಬರೂ ಕುಳಿತಾಗ ಹಿಂದೆ ಒಂದು ಅಂಗೈ ದಪ್ಪದ ಜಾಗ ಉಳಿಯುವಂತೆ ಕೂರಿಸಬೇಕು. ಹಿಂಚಕ್ರದ ಇಕ್ಕೆಲದ ಪೆಟ್ಟಿಗೆಗಳಾದ ಪ್ಯಾನಿಯರುಗಳ ಮುಂದಿನ ಅಂಚು ನಾವು ಬೈಕನ್ನು ಕಾಲಿನಿಂದ ಹಿಂದಕ್ಕೆ ತಳ್ಳುವಾಗ ಮೀನಖಂಡಕ್ಕೆ ಬಡಿಯುತ್ತದೆ, ಉದ್ದ ಕಾಲಿನವರು ಅವುಗಳನ್ನು ಆದಷ್ಟು ಹಿಂದಕ್ಕೆ ಸರಿಸಿ ಕೂರಿಸಬೇಕು. ಭಾರದ ಸಾಮಾನು ಪ್ಯಾನಿಯರಿನ ತಳಕ್ಕೆ, ಬಟ್ಟೆಬರೆ ಟಾಪ್ ಬಾಕ್ಸಿಗೆ.

ಇಷ್ಟೆಲ್ಲ ಏರಿದ ಮೇಲೆ ಹಿಂದಿನ ಸಸ್ಪೆನ್ಷನ್ ಹಳೆಯ ಮಟ್ಟದಲ್ಲೇ ಇದ್ದರೆ ಬೈಕ್ ಹಿಂದೆ ಕುಸಿದು, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಬೀಳುತ್ತದೆ. ಹಿಂಚಕ್ರ ನೆಲ ಬಿಟ್ಟಿರುವಂತೆ ನಿಲ್ಲಿಸಿ ಆಕ್ಸಲ್ಲಿನಿಂದ ನೇರ ಮೇಲಿನ ಒಂದು ಗುರುತಿಗೆ ಅಳೆಯಿರಿ. ನೀವು ಮತ್ತು ನಿಮ್ಮ ಸಾಮಾನು ಏರಿದ ಮೇಲೆ ಮತ್ತೆ ಅಳೆಯಿರಿ. ಎರಡರ ವ್ಯತ್ಯಾಸ ಒಟ್ಟು ಟ್ರಾವೆಲಿನ (ಸಸ್ಪೆನ್ಷನ್ ಕುಗ್ಗಬಲ್ಲ ಪೂರ್ತಿ ದೂರದ) ಮೂರನೇ ಒಂದರಷ್ಟಿದ್ದರೆ ಸರಿ, ಅಂದರೆ 180 ಮಿಲಿಮೀಟರ್ ಟ್ರಾವೆಲ್ ಇದ್ದರೆ 60ರ ಒಳಗೆ. ಹೆಚ್ಚಿದ್ದರೆ ಪ್ರಿಲೋಡ್, ಅಂದರೆ ಸ್ಪ್ರಿಂಗಿನ ಮೊದಲ ಬಿಗಿತ, ಹೆಚ್ಚಿಸಿ. ಹಿಂಭಾಗ ಏರಿದರೆ ಸೈಡ್ ಸ್ಟ್ಯಾಂಡಿನಲ್ಲಿ ಬೈಕ್ ಹೆಚ್ಚು ವಾಲುತ್ತದೆ, ಸ್ಟ್ಯಾಂಡಿನ ಪಾದಕ್ಕೆ ಅಗಲದ ತಟ್ಟೆ ಹಾಕಿಸುವುದು ಒಳ್ಳೆಯದು.

ಮಿಕ್ಕಿದ್ದು

ಮೊಬೈಲ್ ಹೋಲ್ಡರನ್ನು ಕಂಪನ ತಡೆಯುವ ರಬ್ಬರ್ ಇರುವುದನ್ನೇ ಕೊಳ್ಳಿ. ಬೈಕ್ ಎಂಜಿನ್ನಿನ ಕಂಪನದಿಂದ ಐಫೋನ್ ಕ್ಯಾಮೆರಾ ಕೆಡಬಹುದೆಂದು 2021ರಲ್ಲಿ ಆಪಲ್ ಕಂಪನಿಯೇ ಎಚ್ಚರಿಸಿದೆ. ಹೆಚ್ಚುವರಿ ದೀಪ, ಚಾರ್ಜರುಗಳಿಗೆ ಕಂಪನಿಯ ವೈರನ್ನು ಕತ್ತರಿಸದೆ, ಬ್ಯಾಟರಿಯಿಂದ ಫ್ಯೂಸ್ ಮತ್ತು ರಿಲೇ ಮೂಲಕ ಪ್ರತ್ಯೇಕ ವೈರು ಎಳೆಸಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ನಿಷೇಧಿಸುತ್ತದೆ, ಆದ್ದರಿಂದ ಚಾಸಿಸ್ ಕತ್ತರಿಸುವ, ವೆಲ್ಡಿಂಗ್ ಮಾಡುವ ಯಾವ ಸಲಹೆಯನ್ನೂ ಒಪ್ಪಬೇಡಿ. ಈ ಬರಹದಲ್ಲಿ ಹೇಳಿರುವುದರಲ್ಲಿ ಹೆಚ್ಚಿನವು ಬೋಲ್ಟು ಬಿಚ್ಚಿದರೆ ಮೂಲ ಸ್ಥಿತಿಗೆ ಮರಳುವಂಥವು.

ಒಂದು ವಾರಕ್ಕೆ ಒಂದೇ ಬದಲಾವಣೆ ಮಾಡಿ, ಒಂದೇ ದಾರಿಯಲ್ಲಿ ಪರೀಕ್ಷಿಸಿ. ನನ್ನ ದಾರಿ ಹೀಗಿದೆ: ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು, ಹೆದ್ದಾರಿ 48ರಲ್ಲಿ ಸೀಬಿ ನರಸಿಂಹಸ್ವಾಮಿ ದೇವಸ್ಥಾನ ದಾಟಿ ಶಿರಾವರೆಗೆ ಗಾಳಿಯ ಪರೀಕ್ಷೆ, ವಾಪಸ್ ಬಂದು ದೇವರಾಯನದುರ್ಗದ ಘಟ್ಟದಲ್ಲಿ ತಿರುವಿನ ಪರೀಕ್ಷೆ, ಕೊನೆಗೆ ಹಳ್ಳಿಗಳ ಹಂಪುಗಳ ಮೇಲೆ ಕೊರಟಗೆರೆಯ ಕಡೆಗೆ. ಮೊದಲ 100 ಕಿಲೋಮೀಟರ್ ಆದಮೇಲೊಮ್ಮೆ, 500 ಆದಮೇಲೊಮ್ಮೆ ಪ್ರತಿ ಬೋಲ್ಟನ್ನೂ ಸ್ಪ್ಯಾನರ್ ಹಾಕಿ ಮುಟ್ಟಿ ನೋಡಿ. ಬಿಗಿದ ಬೋಲ್ಟಿನ ತಲೆಯಿಂದ ಬ್ರ್ಯಾಕೆಟ್ಟಿನವರೆಗೆ ಬಿಳಿ ಪೇಂಟಿನ ಗೆರೆಯೊಂದನ್ನು ಎಳೆದಿಟ್ಟರೆ, ಬೋಲ್ಟು ಸಡಿಲಾದ ದಿನ ಗೆರೆ ಎರಡು ತುಂಡಾಗಿ ಕಾಣುತ್ತದೆ. ಲಿವರುಗಳ ಕೋನಕ್ಕೂ ಹ್ಯಾಂಡಲ್ ಕೊಳವೆಯ ಮೇಲೆ ಇಂಥದ್ದೇ ಗುರುತು ಹಾಕಿಡಿ, ಏಕೆಂದರೆ ಸರ್ವಿಸ್‌ಗೆ ಬಿಟ್ಟ ಬೈಕಿನಲ್ಲಿ ಮೆಕ್ಯಾನಿಕ್ ತನ್ನ ಎತ್ತರಕ್ಕೆ ಅವುಗಳನ್ನು ತಿರುಗಿಸಿಕೊಂಡಿರುವುದುಂಟು.